ಪೋಸ್ಟಿಂಗ್ ಯೋಧನಿಗೆ, ಗಂಟುಮೂಟೆ ಮನೆಯಾಕೆಗೆ

ಏಪ್ರಿಲ್ ಕಳೆದು ಮೇ ಬರುವ ಹೊತ್ತಿಗೆ ಪಂಜಾಬಿನ ಯಾವುದಾದರೂ ಸೇನಾ ನೆಲೆಯ ಫ್ಯಾಮಿಲಿ ಕ್ವಾರ್ಟರ್ಸ್ ಸಾಲಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ನಾಲ್ಕು ಮನೆಗೊಂದರ ವರಾಂಡದಲ್ಲಿ ಕಬ್ಬಿಣದ ಟ್ರಂಕುಗಳು ಬಾಯಿ ತೆರೆದು ಕೂತಿರುತ್ತವೆ. ಅಂಗಳದಲ್ಲಿ ಒಬ್ಬ ಯೋಧ ಕಪ್ಪು ಬಣ್ಣದ ಡಬ್ಬಿ ಹಿಡಿದು ಟ್ರಂಕಿನ ಮೇಲಿನ ಹಳೆಯ ಬರಹ ಅಳಿಸುತ್ತಿರುತ್ತಾನೆ. ಅದು ಒಣಗಿದ ಮೇಲೆ ಬಿಳಿ ಬಣ್ಣದಲ್ಲಿ ಹೊಸದಾಗಿ ಬರೆಯಬೇಕು: ನಂಬರ್, ಹುದ್ದೆ, ಹೆಸರು, ಯೂನಿಟ್.

ಒಳಗೆ ಮನೆಯಾಕೆ ಕುಕ್ಕರಿನೊಳಗೆ ಲೋಟ, ಲೋಟದೊಳಗೆ ಚಮಚ, ಉಳಿದ ಸಂದಿಗೆ ಮಕ್ಕಳ ಸ್ವೆಟರ್ ತುರುಕುತ್ತಿರುತ್ತಾಳೆ. ಬಾಗಲಕೋಟೆ, ಗದಗ ಕಡೆಯವಳಾದರೆ ದಾರಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಚೀಲ ಬೇರೆಯಾಗಿಯೇ ತಯಾರು. ತುಳಸಿ ಕುಂಡ ಪಕ್ಕದ ಗಢವಾಲಿ ಮನೆಗೆ ಹೋಯಿತು. ಮುಂದಿನ ಊರು ಶಿಲ್ಲಾಂಗ್ ಎಂದಾದರೆ ಕೂಲರ್ ಅರ್ಧ ಬೆಲೆಗೆ ಹೊಸದಾಗಿ ಬಂದವರ ಪಾಲು. ಶಿಲ್ಲಾಂಗಿನಲ್ಲಿ ಹೀಟರ್ ಕೊಳ್ಳಬೇಕು. ಮೂರು ವರ್ಷದ ನಂತರ ಅದನ್ನೂ ಅರ್ಧ ಬೆಲೆಗೆ ಮಾರಿ ಮತ್ತೆ ಕೂಲರ್ ಕೊಳ್ಳಬೇಕು.

ಸೈನಿಕ ಊರೂರು ಸುತ್ತುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು. ಅವನ ಹಿಂದೆ ಒಂದು ಸಂಸಾರ ಹೇಗೆ ಸುತ್ತುತ್ತದೆ, ಆ ಸುತ್ತಾಟವನ್ನು ಯಾವ ನಿಯಮಗಳು ನಡೆಸುತ್ತವೆ, ಎಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಕೊಡಗಿನಂತಹ, ಮನೆಗೊಬ್ಬ ಸೈನಿಕನಿರುವ ಜಿಲ್ಲೆಗಳ ಆಚೆ ಅಷ್ಟಾಗಿ ತಿಳಿದಿಲ್ಲ.

ಆದೇಶ ಹೊರಡುವುದು ಎಲ್ಲಿಂದ

ವರ್ಗಾವಣೆಯಲ್ಲಿ ಎರಡು ಬಗೆ. ಪದಾತಿ ದಳದಲ್ಲಿ ಬೆಟಾಲಿಯನ್ನಿಗೆ ಬೆಟಾಲಿಯನ್ನೇ ಹೊರಡುತ್ತದೆ. ಅಡ್ವಾನ್ಸ್ ಪಾರ್ಟಿ ಮೊದಲು ಹೋಗಿ ಹೊಸ ಜಾಗದ ಬೀಗದ ಕೈ ಪಡೆಯುತ್ತದೆ. ಉಳಿದವರು ಹಿಂದಿನಿಂದ ವಿಶೇಷ ರೈಲಿನಲ್ಲಿ ಬರುತ್ತಾರೆ. ಇಂಥ ವರ್ಗಾವಣೆಯಲ್ಲಿ ಊರು ಬದಲಾದರೂ ನೆರೆಹೊರೆ ಬದಲಾಗುವುದಿಲ್ಲ. ಮಗುವಿಗೆ ಜ್ವರ ಬಂದರೆ ನಡುರಾತ್ರಿ ಬಾಗಿಲು ತಟ್ಟಲು ಪರಿಚಿತ ಮನೆ ಇದ್ದೇ ಇರುತ್ತದೆ.

ಎರಡನೆಯದು ಒಬ್ಬೊಬ್ಬರದೇ ಪೋಸ್ಟಿಂಗ್. ಸಿಗ್ನಲ್ಸ್, ವೈದ್ಯಕೀಯ, ಸರಬರಾಜು ಮುಂತಾದ ವಿಭಾಗಗಳ ಜವಾನರಿಗೆ ಅವರವರ ರೆಕಾರ್ಡ್ ಆಫೀಸಿನಿಂದ ಆದೇಶ ಬರುತ್ತದೆ. ಮದ್ರಾಸ್ ಸ್ಯಾಪರ್ಸ್ ದಾಖಲೆಗಳು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ. ಅಧಿಕಾರಿಗಳ ಹಣೆಬರಹ ಬರೆಯುವುದು ದೆಹಲಿಯ ಸೇನಾ ಮುಖ್ಯ ಕಚೇರಿಯಲ್ಲಿರುವ ಮಿಲಿಟರಿ ಸೆಕ್ರೆಟರಿ ಶಾಖೆ. ಒಬ್ಬರೇ ಹೊರಡುವ ಇಂಥ ಕುಟುಂಬ ಹೊಸ ಊರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು: ಹಾಲಿನವನು, ವೈದ್ಯರು, ಟ್ಯೂಷನ್, ಸಾಲ ಕೇಳುವಷ್ಟು ಸಲಿಗೆಯ ಗೆಳತಿ.

ಸೇನೆಯವರ ಬಾಯಲ್ಲಿ ದೇಶದ ಭೂಪಟ ಎರಡೇ ಭಾಗ: ಪೀಸ್ ಮತ್ತು ಫೀಲ್ಡ್. ಬೆಂಗಳೂರು, ಬೆಳಗಾವಿ, ಪುಣೆ, ಜಬಲ್ಪುರದಂಥವು ಪೀಸ್. ಅಲ್ಲಿ ಕುಟುಂಬ ಜೊತೆಗಿರಬಹುದು. ಲಡಾಖ್, ಕಾಶ್ಮೀರದ ಗಡಿ ನಿಯಂತ್ರಣ ರೇಖೆ, ಉತ್ತರ ಸಿಕ್ಕಿಂ, ಅರುಣಾಚಲದ ಗಡಿ ಇವೆಲ್ಲ ಫೀಲ್ಡ್. ಅಲ್ಲಿಗೆ ಯೋಧ ಒಬ್ಬನೇ ಹೋಗಬೇಕು. ಸಾಮಾನ್ಯವಾಗಿ ಎರಡು ಮೂರು ವರ್ಷ ಇದು, ಎರಡು ಮೂರು ವರ್ಷ ಅದು. ಮದುವೆಯಾಗಿ ಹದಿನೈದು ವರ್ಷವಾದರೂ ಒಂದೇ ಸೂರಿನಡಿ ಕಳೆದದ್ದು ಅದರ ಅರ್ಧವೂ ಆಗಿರುವುದಿಲ್ಲ. ಫೀಲ್ಡಿಗೆ ಹೋದವರ ಕುಟುಂಬಗಳಿಗೆಂದೇ ಕೆಲವು ನೆಲೆಗಳಲ್ಲಿ ಪ್ರತ್ಯೇಕ ವಸತಿ ಇದೆ. ಗಂಡಸರಿಲ್ಲದ ಈ ಬಡಾವಣೆಗಳಲ್ಲಿ ನಲ್ಲಿ ರಿಪೇರಿಯಿಂದ ಪೋಷಕರ ಸಭೆಯವರೆಗೆ ಎಲ್ಲವೂ ಹೆಂಗಸರದೇ ಆಡಳಿತ.

ಫೀಲ್ಡಿಗೆ ಹೋದವನ ವಿಳಾಸ ಹೆಂಡತಿಗೂ ಪೂರ್ತಿ ತಿಳಿಯುವುದಿಲ್ಲ. ಯೂನಿಟ್ ಹೆಸರಿನ ಮುಂದೆ '56 ಎಪಿಓ' ಅಥವಾ '99 ಎಪಿಓ' ಎಂದು ಬರೆದರೆ ಸಾಕು. ಮೊದಲನೆಯದು ದೆಹಲಿಯ, ಎರಡನೆಯದು ಕೋಲ್ಕತ್ತದ ಸೇನಾ ಅಂಚೆ ಕೇಂದ್ರದ ಮೂಲಕ ಹೋಗುತ್ತದೆ. ಅಲ್ಲಿಂದ ಮುಂದೆ ಯಾವ ಬೆಟ್ಟ, ಯಾವ ಕಣಿವೆ ಎಂಬುದು ಸೇನಾ ಅಂಚೆಯವರಿಗಷ್ಟೇ ಗೊತ್ತು.

ಬಲ್ಬು, ನಲ್ಲಿ, ಕಿಟಕಿ ಗಾಜು

ಕ್ವಾರ್ಟರ್ಸ್ ಬಿಡುವುದು ಬಾಡಿಗೆ ಮನೆ ಬಿಟ್ಟಷ್ಟು ಸಲೀಸಲ್ಲ. ಅದಕ್ಕೆ 'ಮಾರ್ಚ್ ಔಟ್' ಎನ್ನುತ್ತಾರೆ. ಮನೆ ಕಟ್ಟುವುದು, ರಿಪೇರಿ ಮಾಡುವುದು ಎಂ.ಇ.ಎಸ್. ಎಂದು ಕರೆಯುವ ಮಿಲಿಟರಿ ಎಂಜಿನಿಯರ್ ಸರ್ವಿಸಸ್. ಮಂಚ, ಕುರ್ಚಿ, ಮೇಜು ಸಿಗುವುದೂ ಅಲ್ಲಿಂದಲೇ. ಮನೆಗೆ ಬಂದ ದಿನ ಸಹಿ ಹಾಕಿದ ಪಟ್ಟಿಯನ್ನು ಬಿಡುವ ದಿನ ಅವರ ಸಿಬ್ಬಂದಿ ಹಿಡಿದುಕೊಂಡು ಬರುತ್ತಾರೆ. ಫ್ಯಾನು ಎಷ್ಟು, ಬಲ್ಬು ಎಷ್ಟು, ಯಾವ ಗಾಜು ಒಡೆದಿದೆ, ಕುರ್ಚಿಯ ಕಾಲು ಅಲುಗುತ್ತಿದೆಯೇ? ಕೊರತೆ ಕಂಡರೆ 'ಬ್ಯಾರಕ್ ಡ್ಯಾಮೇಜ್' ಹೆಸರಿನಲ್ಲಿ ಸಂಬಳದಿಂದ ಮುರಿದುಕೊಳ್ಳುತ್ತಾರೆ. ಹಾಗಾಗಿ ಅನುಭವಸ್ಥ ಹೆಣ್ಣುಮಕ್ಕಳು ಮನೆ ಸೇರಿದ ದಿನವೇ ಗೋಡೆಯ ಬಿರುಕು, ಸೋರುವ ನಲ್ಲಿ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳುತ್ತಾರೆ.

ಹೊಸ ಊರಿನಲ್ಲಿ ಮನೆ ಕಾದಿರುತ್ತದೆಯೇ? ಹೆಚ್ಚಿನ ಸಲ ಇಲ್ಲ. ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನಲ್ಲಿ ಸರದಿ ಪಟ್ಟಿ ಇರುತ್ತದೆ. ಜವಾನರ ವಿಷಯದಲ್ಲಿ ಯೂನಿಟ್ಟಿಗೆ ಇಂತಿಷ್ಟು ಎಂದು ಮನೆ ಹಂಚಿಕೆಯಾಗಿ, ಅದರಲ್ಲೇ ಸರದಿ ಪ್ರಕಾರ ಸಿಗುತ್ತದೆ. ಒಂದೆರಡು ವರ್ಷ ಗಂಡನ ಜೊತೆ ಇದ್ದು, ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಊರಿಗೆ ಮರಳುವ ಸಿಪಾಯಿಯ ಹೆಂಡತಿಯರು ಬಹಳ. ಈ ಕೊರತೆ ನೀಗಿಸಲೆಂದೇ 2002ರಲ್ಲಿ ವಿವಾಹಿತ ಸೈನಿಕರ ವಸತಿ ಯೋಜನೆ ಆರಂಭವಾಯಿತು. ಹಳೆಯ ಹೆಂಚಿನ ಸಾಲುಮನೆಗಳ ಜಾಗದಲ್ಲಿ ಈಗ ಹಲವು ನೆಲೆಗಳಲ್ಲಿ ಕಾಣುವ ಬಹುಮಹಡಿ ಕಟ್ಟಡಗಳು ಅದರ ಫಲ. ಸರದಿ ಮಾತ್ರ ಇನ್ನೂ ಮುಗಿದಿಲ್ಲ.

ಸಾಗಾಟದ ಖರ್ಚು ಸರ್ಕಾರದ್ದು. ಏಳನೇ ವೇತನ ಆಯೋಗದ ನಂತರದ ನಿಯಮದಂತೆ ದೂರದ ವರ್ಗಾವಣೆಗೆ ಮೂಲ ವೇತನದ ಶೇ 80ರಷ್ಟು ಇಡಿಗಂಟು ಸಿಗುತ್ತದೆ, ಸಾಮಾನಿನ ಸಾಗಣೆ ವೆಚ್ಚ ಬೇರೆ. ಅದರ ತೂಕಕ್ಕೂ ಶ್ರೇಣಿಯ ಲೆಕ್ಕವಿದೆ. ಮೇಲಿನ ವೇತನ ಹಂತಗಳಿಗೆ 6,000 ಕಿಲೋವರೆಗೆ, ತೀರಾ ಕೆಳಗಿನವಕ್ಕೆ 1,500 ಕಿಲೋ. ಮಕ್ಕಳ ಸೈಕಲ್ಲು, ಹೊಲಿಗೆ ಯಂತ್ರ, ಗ್ರೈಂಡರಿನ ಕಲ್ಲು ಯಾವ ಶ್ರೇಣಿಯ ಮನೆಯಲ್ಲಿದ್ದರೂ ಅಷ್ಟೇ ಭಾರ ಎಂಬುದನ್ನು ನಿಯಮ ಬರೆದವರು ಯೋಚಿಸಿದಂತಿಲ್ಲ.

ಕಾಗದದಲ್ಲಿ ಹೆಂಡತಿಯಾಗುವುದು

ಛತ್ರದಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಸೇನೆಯ ಲೆಕ್ಕದಲ್ಲಿ ಮದುವೆಯಾಗುವುದಿಲ್ಲ. ಯೂನಿಟ್ಟಿನಲ್ಲಿ 'ಪಾರ್ಟ್ ಟೂ ಆರ್ಡರ್' ಎಂಬ ಪ್ರಕಟಣೆ ಹೊರಡಬೇಕು. ಮದುವೆ, ಮಗುವಿನ ಜನನ, ವಿಳಾಸ ಬದಲಾವಣೆ ಎಲ್ಲವೂ ದಾಖಲೆಗೆ ಸೇರುವುದು ಹೀಗೆ. ಇದಿಲ್ಲದಿದ್ದರೆ ಕ್ವಾರ್ಟರ್ಸ್ ಇಲ್ಲ, ಮಿಲಿಟರಿ ಆಸ್ಪತ್ರೆಯ ಚಿಕಿತ್ಸೆಗೆ ಅವಲಂಬಿತರ ಕಾರ್ಡ್ ಇಲ್ಲ. ನಾಳೆ ಏನಾದರೂ ಆದರೆ ಕುಟುಂಬ ಪಿಂಚಣಿಗೂ ತೊಡಕು.

ದಕ್ಷಿಣದವರಿಗೆ ಇಲ್ಲೊಂದು ವಿಶೇಷ ಫಜೀತಿ ಇದೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಕೂರುತ್ತವೆ. ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು, ಸೇನೆಯ ದಾಖಲೆಯಲ್ಲಿ ಮತ್ತೊಂದು. ಮದುವೆಗೆ ಮುಂಚೆ ತಂದೆಯ ಹೆಸರು ಬಾಲವಾಗಿದ್ದ ಹುಡುಗಿ ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಂಡರೆ ಗೊಂದಲ ದುಪ್ಪಟ್ಟು. ಹೆಸರಿನ ಒಂದು ಅಕ್ಷರ ಸರಿಪಡಿಸಲು ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ ಎಂದು ತಿಂಗಳುಗಟ್ಟಲೆ ಓಡಾಟ. ಮಗನಿಗೆ ಸೇನೆಯಲ್ಲಿ ಕೆಲಸವಾದ ಮನೆಯವರು ಸೊಸೆ ಬರುವ ಮೊದಲೇ ಈ ದಾಖಲೆಗಳನ್ನು ಒಂದಕ್ಕೊಂದು ತಾಳೆ ಹಾಕಿಕೊಳ್ಳುವುದು ಒಳ್ಳೆಯದು.

ಏಳನೇ ಶಾಲೆಯ ಮಗು

ಕೇಂದ್ರೀಯ ವಿದ್ಯಾಲಯಗಳು ಇಂದು ಊರೂರಲ್ಲಿವೆ. ಅವುಗಳ ಹುಟ್ಟಿಗೆ ಈ ಗಂಟುಮೂಟೆಯೇ ಕಾರಣ. ಪದೇ ಪದೇ ವರ್ಗವಾಗುವವರ ಮಕ್ಕಳ ಓದು ನಿಲ್ಲಬಾರದೆಂದು 1963ರಲ್ಲಿ ಕೇಂದ್ರ ಸರ್ಕಾರ 20 ರೆಜಿಮೆಂಟಲ್ ಶಾಲೆಗಳನ್ನು ವಶಕ್ಕೆ ತೆಗೆದುಕೊಂಡು ಈ ಸರಣಿ ಆರಂಭಿಸಿತು. ಇವತ್ತಿಗೂ ಅಲ್ಲಿ ಪ್ರವೇಶದ ಆದ್ಯತೆಗೆ ಹಿಂದಿನ ಏಳು ವರ್ಷಗಳಲ್ಲಿ ತಂದೆ ಅಥವಾ ತಾಯಿಗೆ ಎಷ್ಟು ವರ್ಗಾವಣೆಯಾಗಿದೆ ಎಂದು ಎಣಿಸುತ್ತಾರೆ. ವರ್ಗಾವಣೆ ಹೆಚ್ಚಿದ್ದಷ್ಟೂ ಲಾಭ ತರುವ ಜಾಗ ಬಹುಶಃ ಇದೊಂದೇ. 1983ರಲ್ಲಿ ಸೇನೆಯೇ ಶಿಕ್ಷಣ ಸಂಸ್ಥೆಯೊಂದನ್ನು ಕಟ್ಟಿತು. ಆರ್ಮಿ ಪಬ್ಲಿಕ್ ಶಾಲೆಗಳು ಅದರವು, ದೇಶದಲ್ಲಿ 130ಕ್ಕೂ ಹೆಚ್ಚು ಇವೆ.

ಎರಡರಲ್ಲೂ ಪಠ್ಯಕ್ರಮ ಸಿಬಿಎಸ್‌ಇ. ಜಲಂಧರಿನಲ್ಲಿ ಬಿಟ್ಟ ಪಾಠವನ್ನು ತೇಜ್‌ಪುರದಲ್ಲಿ ಹಿಡಿಯಬಹುದು. ಎಡವುವುದು ಭಾಷೆಯಲ್ಲಿ. ಗದಗದ ಹವಾಲ್ದಾರನ ಮಗಳು ಮನೆಯಲ್ಲಿ ಅಮ್ಮನ ಜೊತೆ ಹರಳು ಹುರಿದಂತೆ ಕನ್ನಡ ಮಾತಾಡುತ್ತಾಳೆ. ಶಾಲೆಯಲ್ಲಿ ಹಿಂದಿ, ಸಂಸ್ಕೃತ. ಕನ್ನಡ ಅಕ್ಷರ ಕಲಿಸುವವರಿಲ್ಲ. ಅಪ್ಪನಿಗೆ ಕೊನೆಗೂ ಬೆಂಗಳೂರಿಗೋ ಬೆಳಗಾವಿಗೋ ಪೋಸ್ಟಿಂಗ್ ಬಂದಾಗ ಆಕೆ ಏಳನೇ ತರಗತಿ. ರಾಜ್ಯದ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆನ್ನುತ್ತದೆ. ಕಾಯ್ದೆ ಸರಿಯೇ. ಆದರೆ ಸ್ವಂತ ನಾಡಿಗೆ ಮರಳಿದ ಈ ಹುಡುಗಿ 'ಅ, ಆ' ಎಂದು ಶುರುಮಾಡಬೇಕು, ಪಕ್ಕದ ಬೆಂಚಿನವರು ಹಳಗನ್ನಡದ ಪದ್ಯಕ್ಕೆ ಬಂದಿರುತ್ತಾರೆ. ಇಂಥ ಮಕ್ಕಳಿಗೆಂದು ಒಂದು ವರ್ಷದ ಸೇತುಬಂಧ ತರಗತಿ ನಡೆಸುವುದು ನಮ್ಮ ಶಿಕ್ಷಣ ಇಲಾಖೆಗೆ ದೊಡ್ಡ ಕೆಲಸವೇನಲ್ಲ.

ರಾಜ್ಯ ಪಠ್ಯಕ್ರಮದ ಶಾಲೆಯಿಂದ ಹೊರರಾಜ್ಯಕ್ಕೆ ಹೋಗುವವರಿಗೆ ಇನ್ನೊಂದು ಹೆಜ್ಜೆ ಇದೆ. ಟಿ.ಸಿ.ಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಾಗುತ್ತದೆ. ಇದು ರೈಲು ಹತ್ತುವ ಹಿಂದಿನ ದಿನ ನೆನಪಾಗುವುದೇ ಹೆಚ್ಚು.

ಮುಂದೆ ಸಿಇಟಿ. ಕರ್ನಾಟಕದ ಸೀಟಿಗೆ ಕನಿಷ್ಠ ಏಳು ವರ್ಷ ಇಲ್ಲಿ ಓದಿರಬೇಕು ಎಂಬುದು ಸಾಮಾನ್ಯ ನಿಯಮ. ಏಳು ವರ್ಷದಲ್ಲಿ ಮೂರು ರಾಜ್ಯ ಕಂಡ ಮಗು ಎಲ್ಲಿಯದು? ಸಮಾಧಾನದ ಸಂಗತಿಯೆಂದರೆ ಸೇನೆಗೆ ಸೇರುವಾಗ ಕರ್ನಾಟಕದ ಊರನ್ನು ಸ್ವಂತ ಊರೆಂದು ದಾಖಲಿಸಿದವರ ಮಕ್ಕಳಿಗೆ ಪ್ರತ್ಯೇಕ ಅರ್ಹತಾ ಕಲಂ ಇದೆ. ಅಪ್ಪ ಹದಿನೆಂಟನೇ ವಯಸ್ಸಿನಲ್ಲಿ ತುಂಬಿದ ಆ ಒಂದು ಸಾಲನ್ನು ಮಗಳ ಹದಿನೆಂಟನೇ ವಯಸ್ಸಿನಲ್ಲಿ ಹುಡುಕಿ ತೆಗೆಯಬೇಕು, ಅಷ್ಟೇ.

ಅವಳ ಕೆಲಸ

ಈ ಸುತ್ತಾಟದಲ್ಲಿ ನಿಜವಾದ ನಷ್ಟದ ಬಾಬ್ತು ಇದು. ಕರ್ನಾಟಕದಲ್ಲಿ ನರ್ಸಿಂಗ್ ಓದಿದವಳ ನೋಂದಣಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ. ಬೇರೆ ರಾಜ್ಯದಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿನ ಪರಿಷತ್ತಿಗೆ ವರ್ಗಾಯಿಸಿಕೊಳ್ಳಬೇಕು. ಅದು ಮುಗಿಯುವ ಹೊತ್ತಿಗೆ ಗಂಡನಿಗೆ ಮುಂದಿನ ಆದೇಶ. ವಕೀಲೆಯದೂ ಹೀಗೆ, ಅವಳ ಹೆಸರು ರಾಜ್ಯ ವಕೀಲರ ಪರಿಷತ್ತಿನಲ್ಲಿರುತ್ತದೆ, ಕಕ್ಷಿದಾರರು ಊರಲ್ಲಿರುತ್ತಾರೆ. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲಾ ಶಿಕ್ಷಕಿಗಂತೂ ರಾಜ್ಯದ ಗಡಿಯ ಆಸುಪಾಸು ದಾಟಿದರೆ ಪಾಠ ಹೇಳಲು ತರಗತಿ ಸಿಗುವುದೇ ಕಷ್ಟ.

ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ದಂಪತಿಯನ್ನು ಸಾಧ್ಯವಾದಷ್ಟು ಒಂದೇ ಊರಿನಲ್ಲಿ ಇಡಬೇಕೆಂದು 2009ರ ಸುತ್ತೋಲೆ ಹೇಳುತ್ತದೆ. ರಾಜ್ಯ ಸರ್ಕಾರಿ ನೌಕರಿಯಲ್ಲಿದ್ದರೆ ಇದು ದಕ್ಕುವುದು ಕಷ್ಟ. ಹೀಗಾಗಿ ಸೈನಿಕರ ಹೆಂಡತಿಯರಲ್ಲಿ ಬಿ.ಎಡ್. ಮಾಡಿ ಕೇಂದ್ರದ ಶಿಕ್ಷಕ ಅರ್ಹತಾ ಪರೀಕ್ಷೆ ಬರೆದಿಟ್ಟುಕೊಳ್ಳುವವರು ಹೆಚ್ಚು. 2021ರಿಂದ ಅದರ ಪ್ರಮಾಣಪತ್ರಕ್ಕೆ ಜೀವಮಾನದ ಮಾನ್ಯತೆ ಸಿಕ್ಕಿರುವುದು ಇವರ ಪಾಲಿಗೆ ದೊಡ್ಡ ಅನುಕೂಲ. ಹೊಲಿಗೆ, ಬೇಕರಿ, ಕಂಪ್ಯೂಟರ್ ಎಂದು ತರಬೇತಿ ಕೊಡುವ ಸೇನಾ ಪತ್ನಿಯರ ಕಲ್ಯಾಣ ಸಂಘ 1966ರಿಂದ ಇದೆ. ಉಪಯುಕ್ತವೇ ಸರಿ. ಆದರೆ ನಾಲ್ಕು ವರ್ಷ ಓದಿದ ನರ್ಸಿಗೆ ಕೇಕ್ ಮಾಡಲು ಕಲಿಸುವುದಕ್ಕಿಂತ ನೋಂದಣಿ ಬೇಗ ವರ್ಗಾಯಿಸಿಕೊಡುವುದು ಮೇಲು.

ಚಿತ್ರ ಈಗ ತಿರುಗುತ್ತಲೂ ಇದೆ. ಮಹಿಳಾ ಅಧಿಕಾರಿಗಳಿಗೂ ಕಾಯಂ ಕಮಿಷನ್ ಕೊಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಿಲಿಟರಿ ಪೊಲೀಸ್ ವಿಭಾಗದ ಮೊದಲ ಮಹಿಳಾ ತಂಡ 2021ರಲ್ಲಿ ತರಬೇತಿ ಮುಗಿಸಿ ಹೊರಬಂದದ್ದು ಬೆಂಗಳೂರಿನಲ್ಲೇ. ಟ್ರಂಕು ಕಟ್ಟುವ ಸರದಿ ಕೆಲವು ಗಂಡಂದಿರಿಗೂ ಬಂದಿದೆ.

ಗಾಡಿಯ ನಂಬರು, ಮತದ ಹಕ್ಕು

ಒಂದು ರಾಜ್ಯದ ಗಾಡಿ ಇನ್ನೊಂದರಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಮರುನೋಂದಣಿ ಮಾಡಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ಹಳೆಯ ರಾಜ್ಯದಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ, ಹೊಸ ರಾಜ್ಯಕ್ಕೆ ತೆರಿಗೆ, ಹಳೆಯ ತೆರಿಗೆಯ ವಾಪಸಾತಿಗೆ ಅರ್ಜಿ. ಆ ಹಣ ಕೈಸೇರುವ ಮೊದಲೇ ಮೂರನೇ ರಾಜ್ಯಕ್ಕೆ ಹೋಗಿರುತ್ತಾರೆ. 2021ರಲ್ಲಿ ಬಂದ ಭಾರತ್ ಸರಣಿಯ 'ಬಿಎಚ್' ನೋಂದಣಿ ಈ ಗಂಟನ್ನು ಬಿಚ್ಚಿತು. ರಕ್ಷಣಾ ಸಿಬ್ಬಂದಿ ಅದಕ್ಕೆ ಅರ್ಹರು. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುತ್ತ ಎಲ್ಲಿ ಬೇಕಾದರೂ ಓಡಿಸಬಹುದು. ಗಾಡಿಗೆ ಸಿಕ್ಕ ಈ ಸ್ವಾತಂತ್ರ್ಯ ನರ್ಸಿಂಗ್ ನೋಂದಣಿಗೆ ಯಾಕೆ ಸಿಗಬಾರದು?

ಸೇವಾ ಮತದಾರರಾಗಿ ಸ್ವಂತ ಊರಿನ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಲು ಯೋಧನಿಗೂ ಜೊತೆಗಿರುವ ಸಂಗಾತಿಗೂ ಹಕ್ಕಿದೆ. ಚುನಾವಣಾ ಕಾಯ್ದೆಯಲ್ಲಿ 'ಹೆಂಡತಿ' ಎಂದಿದ್ದದ್ದನ್ನು 2021ರ ತಿದ್ದುಪಡಿ 'ಸಂಗಾತಿ' ಎಂದು ಮಾಡಿದ್ದರಿಂದ ಮಹಿಳಾ ಅಧಿಕಾರಿಯ ಗಂಡನಿಗೂ ಅದು ಅನ್ವಯ. ಮತಪತ್ರ 2016ರ ನಿಯಮದಂತೆ ವಿದ್ಯುನ್ಮಾನ ಮಾರ್ಗದಲ್ಲಿ ಬರುತ್ತದೆ. ಮುದ್ರಿಸಿ, ಗುರುತು ಹಾಕಿ, ಅಂಚೆಯಲ್ಲಿ ಕಳಿಸಬೇಕು.

ಬೆಂಗಳೂರಿಗೆ ಬಂದಾಗ

ಬೆಂಗಳೂರಿನ ಅರ್ಧ ಚರಿತ್ರೆಯೇ ಒಂದು ಸೇನಾ ವರ್ಗಾವಣೆ. 1799ರ ಯುದ್ಧದ ನಂತರ ಶ್ರೀರಂಗಪಟ್ಟಣದಲ್ಲಿ ನೆಲೆಸಿದ್ದ ಬ್ರಿಟಿಷ್ ಪಡೆ ಅಲ್ಲಿನ ಜ್ವರದ ಕಾಟ ತಾಳಲಾರದೆ 1809ರಲ್ಲಿ ಹಲಸೂರಿನ ಬಳಿ ಬೀಡುಬಿಟ್ಟಿತು. ಹಿಂದೆಯೇ ಸಿಪಾಯಿಗಳ ಸಂಸಾರ, ವ್ಯಾಪಾರಿಗಳು, ಅಡುಗೆಯವರು, ದರ್ಜಿಗಳು ಬಂದರು. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆಗಳ ಹೆಸರು ಆ ಕಾಲದ್ದು. ದಂಡು ಪ್ರದೇಶ 1949ರಲ್ಲಿ ನಗರದ ಪಾಲಿಕೆಯೊಳಗೆ ಸೇರಿತು.

ಹಾಗೆ ಬೆಳೆದ ನಗರಕ್ಕೆ ಇಂದು ಬರುವ ಜವಾನನ ಕುಟುಂಬ ಕ್ವಾರ್ಟರ್ಸ್ ಸಿಗುವವರೆಗೆ ಹೊರಗೆ ಮನೆ ಹುಡುಕಬೇಕು. ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವ ಇಲ್ಲಿನ ಪದ್ಧತಿಗೆ ಮಾತ್ರ ಯಾವ ಭತ್ಯೆಯೂ ಸಾಲದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕೆನ್ನುತ್ತದೆ. ಆರು ತಿಂಗಳಲ್ಲಿ ಕ್ವಾರ್ಟರ್ಸ್ ಸಿಕ್ಕು ಹೊರಡುವವರ ಅಡ್ವಾನ್ಸಿನಲ್ಲಿ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದಂತೂ ಅನ್ಯಾಯ.

ಮುಂದಿನ ಪೀಳಿಗೆ, ಊರಲ್ಲಿ ಉಳಿದವರು

2022ರಲ್ಲಿ ಬಂದ ಅಗ್ನಿಪಥ ಯೋಜನೆ ಈ ಇಡೀ ಲೆಕ್ಕವನ್ನು ಕೆಳಗಿನಿಂದ ಬದಲಿಸುತ್ತಿದೆ. ಅಗ್ನಿವೀರರು ಅವಿವಾಹಿತರಾಗಿರಬೇಕು. ಸೇವೆ ನಾಲ್ಕು ವರ್ಷ. ಆ ಬಳಿಕ ಕಾಯಂ ಆಗುವವರು ಶೇ 25ರವರೆಗೆ ಎಂದು ಯೋಜನೆ ಹೇಳಿದೆ. ಅಂದರೆ ಸಿಪಾಯಿಯ ಹೆಂಡತಿಯಾಗಿ ಕ್ವಾರ್ಟರ್ಸ್ ಸೇರುವ ಹೆಣ್ಣುಮಕ್ಕಳ ಸಂಖ್ಯೆ ಬರುವ ವರ್ಷಗಳಲ್ಲಿ ಕುಗ್ಗಲಿದೆ.

ಸದ್ಯಕ್ಕಂತೂ ಸರದಿ ಮುಗಿಸಿ ಅತ್ತೆಮನೆಗೋ ತವರಿಗೋ ಮರಳಿ, ಫೀಲ್ಡಿನಲ್ಲಿರುವ ಗಂಡನ ಫೋನಿಗೆ ಕಾಯುತ್ತ ಮಕ್ಕಳನ್ನು ಸಾಕುವ ಹೆಣ್ಣುಮಕ್ಕಳು ಕೊಡಗು, ಬೆಳಗಾವಿ, ಬಾಗಲಕೋಟೆ, ಧಾರವಾಡ, ಹಾಸನಗಳ ಹಳ್ಳಿಗಳಲ್ಲಿ ಬಹಳ ಇದ್ದಾರೆ. ಜಮೀನಿನ ತಕರಾರು, ದೃಢೀಕರಣ ಪತ್ರ, ಮಕ್ಕಳ ವಿದ್ಯಾರ್ಥಿವೇತನ ಯಾವುದಕ್ಕೂ ಅವರು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಒಬ್ಬರೇ ನಿಲ್ಲಬೇಕಿಲ್ಲ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳು ಜಿಲ್ಲೆಗಳಲ್ಲಿವೆ, ಅವು ನಿವೃತ್ತರಿಗಷ್ಟೇ ಅಲ್ಲ, ಸೇವೆಯಲ್ಲಿರುವವರ ಕುಟುಂಬಕ್ಕೂ ನೆರವಾಗುತ್ತವೆ. ನಿಮ್ಮ ಊರಿನಲ್ಲಿ ಅಂಥ ಮನೆಯಿದ್ದರೆ ಈ ಮಾತನ್ನು ತಲುಪಿಸಿ.